ಕಾಲಡಿಯ ಪೆಟ್ಟಿಗೆ

ಹೋದ ವರ್ಷ ಗಣೇಶನ ಹಬ್ಬಕ್ಕೆ ಇನ್ನೂ ಒಂದು ತಿಂಗಳಿರುವಾಗ ನಮ್ಮಣ್ಣನ ಮಗಳು ಬೆಂಗಳೂರಿನಿಂದ ದಾವಣಗೆರೆಗೆ ಬಂದಳು. ಬಂದವಳು ಚೀಲ ಕೆಳಗಿಡುವ ಮೊದಲೇ ಮೊಬೈಲ್ ತೆಗೆದು ನನ್ನ ಮೂಗಿನ ಮುಂದೆ ಹಿಡಿದಳು. ಅದರಲ್ಲಿ ಐದು ಪೆಟ್ಟಿಗೆಗಳ ಚಿತ್ರ. ಒಂದೊಂದರ ಮೇಲೂ ಸಾಲಾಗಿ ಗುಂಡಿಗಳು, ನಡುವೆ ಒಂದು ಪುಟ್ಟ ಪರದೆ, ಕೆಲವಕ್ಕೆ ಬಲಗಡೆ ಹೊಲಿಗೆ ಯಂತ್ರದಲ್ಲಿರುವಂಥ ತುಳಿಯುವ ಹಲಗೆ.

“ಚಿಕ್ಕಪ್ಪ, ಇದರಲ್ಲಿ ಯಾವುದು ತಗೊಳ್ಳಲಿ? ರೂಮಲ್ಲಿ ಪ್ರಾಕ್ಟೀಸಿಗೂ ಆಗಬೇಕು, ಸ್ಟೇಜಿಗೂ ಆಗಬೇಕು. ಈ ಸಲ ನಮ್ಮ ಓಣಿ ಪೆಂಡಾಲಿನಲ್ಲೇ ನಮ್ಮ ಗುಂಪಿನ ಪ್ರೋಗ್ರಾಂ ಇದೆ.”

ಅವಳು ನನ್ನನ್ನೇ ಕೇಳಿದ್ದಕ್ಕೆ ಕಾರಣವಿತ್ತು. ಹಗಲು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದ ನಾನು ರಾತ್ರಿ ಹೊತ್ತು ಹದಿಮೂರು ವರ್ಷ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸಿದವನು. 1997ರಲ್ಲಿ ಬಿಟ್ಟೆ. ಯಾಕೆ ಬಿಟ್ಟಿರಿ ಎಂದು ಯಾರಾದರೂ ಕೇಳಿದರೆ, “ಅವತ್ತು ಪೆಟ್ಟಿಗೆ ಕೈಕೊಟ್ಟಿತು” ಎಂದು ಹೇಳುತ್ತ ಬಂದಿದ್ದೆ. ಮನೆಯವರೆಲ್ಲ ಅದನ್ನು ನಂಬಿದ್ದರು. ಆ ಪೆಟ್ಟಿಗೆ ಇವತ್ತಿಗೂ ಅಟ್ಟದ ಮೇಲಿದೆ. ಈಗ ಹುಡುಗಿ ಅಂಥದೇ ಒಂದನ್ನು ಕೊಳ್ಳಲು ಹೊರಟಾಗ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. “ನಾಳೆ ಹೇಳ್ತೀನಿ ಇರು” ಎಂದೆ. ರಾತ್ರಿ ಮಲಗಿಕೊಂಡು ನಾನು ಯೋಚಿಸಿದ್ದು ಆ ಐದು ಪೆಟ್ಟಿಗೆಗಳ ಬೆಲೆಯನ್ನಲ್ಲ, ಅವುಗಳ ವಂಶಾವಳಿಯನ್ನು.

ಗಿಟಾರಿನ ಸಹವಾಸವಿಲ್ಲದ ಓದುಗರಿಗಾಗಿ ಒಂದು ಮಾತು ಹೇಳಿಬಿಡುತ್ತೇನೆ. ಎಲೆಕ್ಟ್ರಿಕ್ ಗಿಟಾರಿಗೆ ತನ್ನದೇ ಆದ ದನಿ ಬಹಳ ಕಡಿಮೆ. ತಂತಿಯ ಕಂಪನವನ್ನು ಅದರ ಕೆಳಗಿರುವ ಅಯಸ್ಕಾಂತವೂ ತಂತಿಯ ಸುರುಳಿಯೂ ಸೇರಿ ವಿದ್ಯುತ್ತಾಗಿ ಮಾಡುತ್ತವೆ. ಆ ವಿದ್ಯುತ್ತು ಆಂಪ್ಲಿಫೈಯರಿಗೆ ಹೋಗಿ ಸ್ಪೀಕರಿನಿಂದ ನಾದವಾಗಿ ಹೊರಬೀಳುತ್ತದೆ. ಈ ದಾರಿಯ ನಡುವೆ ಕೂತು ದನಿಯ ಬಣ್ಣ ಬದಲಿಸುವ ಸಾಧನಕ್ಕೆ ಎಫೆಕ್ಟ್ ಎನ್ನುತ್ತಾರೆ. ದನಿಯನ್ನು ಒಡೆದು ಗೊಗ್ಗರು ಮಾಡುವುದು ಒಂದು, ಬಾವಿಯೊಳಗಿಂದ ಕೂಗಿದಂತೆ ಮಾಡುವುದು ಇನ್ನೊಂದು, ಒಬ್ಬ ನುಡಿಸಿದ್ದನ್ನು ಮೂವರು ನುಡಿಸಿದಂತೆ ಕೇಳಿಸುವುದು ಮತ್ತೊಂದು. ಇವನ್ನೆಲ್ಲ ಒಂದೇ ಕಡೆ ಅಡಕ ಮಾಡಿ, ಕೈ ತಂತಿಯ ಮೇಲಿರುವಾಗ ಕಾಲಿನಿಂದ ಬದಲಿಸಲು ಬರುವಂತೆ ನೆಲದ ಮೇಲಿಟ್ಟರೆ ಅದೇ ಮಲ್ಟಿ ಎಫೆಕ್ಟ್ಸ್ ಪೆಟ್ಟಿಗೆ.

ಈ ವಂಶದ ಮೂಲಪುರುಷನನ್ನು ಹುಡುಕಿಕೊಂಡು ಹೋದರೆ ಸಿಗುವುದು ವಿಜ್ಞಾನಿಯಲ್ಲ, ಒಂದು ಕೆಟ್ಟುಹೋದ ಯಂತ್ರ. 1951ರಲ್ಲಿ ಅಮೆರಿಕದ ಮೆಂಫಿಸ್ ನಗರದ ಸ್ಯಾಮ್ ಫಿಲಿಪ್ಸ್ ಎಂಬಾತನ ಸ್ಟುಡಿಯೋಗೆ ಐಕ್ ಟರ್ನರನ ತಂಡ ‘ರಾಕೆಟ್ 88’ ಎಂಬ ಹಾಡನ್ನು ಮುದ್ರಿಸಲು ಬಂತು. ಗಿಟಾರ್ ನುಡಿಸುವ ವಿಲ್ಲಿ ಕಿಝಾರ್ಟನ ಆಂಪ್ಲಿಫೈಯರ್ ಅಷ್ಟರೊಳಗೆ ಪೆಟ್ಟು ತಿಂದಿತ್ತು. ಒಳಗೆ ಕಾಗದ ತುರುಕಿ ಹೇಗೋ ದನಿ ಬರಿಸಿದರು. ಒಡಕು ದನಿ ಬಂತು. ಫಿಲಿಪ್ಸನಿಗೆ ಅದೇ ಹಿಡಿಸಿತು. ಏಳು ವರ್ಷದ ಮೇಲೆ, 1958ರಲ್ಲಿ, ಲಿಂಕ್ ರೇ ಎಂಬ ಗಿಟಾರ್‌ವಾದಕ ‘ರಂಬಲ್’ ಎಂಬ ಕೃತಿಗಾಗಿ ಸ್ಪೀಕರಿಗೆ ತಾನೇ ಪೆನ್ಸಿಲಿನಿಂದ ತೂತು ಮಾಡಿದ. ಆಮೇಲೆ ನ್ಯಾಶ್‌ವಿಲ್ಲಿನಲ್ಲಿ ಮಾರ್ಟಿ ರಾಬಿನ್ಸನ ‘ಡೋಂಟ್ ವರಿ’ ಎಂಬ ಹಾಡು ಮುದ್ರಣವಾಗುವಾಗ ಮಿಕ್ಸರಿನೊಳಗೆ ಏನೋ ಕೆಟ್ಟು, ಗ್ರೇಡಿ ಮಾರ್ಟಿನ್ನನ ಬಾಸ್ ಗಿಟಾರು ಜೀರುಂಡೆಯ ಹಾಗೆ ಗುಂಯ್‌ಗುಟ್ಟಿತು. ಅದನ್ನು ಹಾಗೇ ಉಳಿಸಿಕೊಂಡರು. 1961ರಲ್ಲಿ ಹಾಡು ಹೊರಬಂದ ಮೇಲೆ ಬೇರೆಯವರೂ ಅದೇ ದನಿ ಕೇಳತೊಡಗಿದರು. ಎಂಜಿನಿಯರ್ ಗ್ಲೆನ್ ಸ್ನಾಡಿ ಆ ತಪ್ಪನ್ನೇ ಬೇಕೆಂದಾಗ ಮಾಡಿಕೊಡುವ ಟ್ರಾನ್ಸಿಸ್ಟರ್ ಸರ್ಕ್ಯೂಟೊಂದನ್ನು ಕಟ್ಟಿದ. ಗಿಬ್ಸನ್ ಕಂಪನಿ ಅದನ್ನು 1962ರಲ್ಲಿ ಮೇಸ್ಟ್ರೋ ಫಜ್-ಟೋನ್ ಎಂಬ ಹೆಸರಿನಲ್ಲಿ ಮಾರಿತು. ಕಾಲಿನಿಂದ ಒತ್ತಿದರೆ ತಪ್ಪು, ಮತ್ತೆ ಒತ್ತಿದರೆ ಸರಿ.

ಕಂಪನಿಯವರು ಅದನ್ನು ಕಹಳೆ, ಸ್ಯಾಕ್ಸೊಫೋನುಗಳ ದನಿ ಹೊರಡಿಸುವ ಸಾಧನವೆಂದು ಸಾರಿದ್ದರು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಕೂಡ ‘ಸ್ಯಾಟಿಸ್ಫ್ಯಾಕ್ಷನ್’ ಹಾಡಿನಲ್ಲಿ ಅದನ್ನು ಬಳಸಿದ್ದು ಮುಂದೆ ಕಹಳೆಯವರು ಊದಬೇಕಾದ ಜಾಗಕ್ಕೆ ಗುರುತಾಗಲಿ ಎಂದು. ಗುರುತೇ ಹಾಡಾಯಿತು. ಅಲ್ಲಿಂದ ಮುಂದೆ ಪೆಡಲುಗಳಿಗೆ ತಿರುಗಿ ನೋಡುವ ಪ್ರಮೇಯವೇ ಬರಲಿಲ್ಲ.

ಆದರೆ ಆಗ ಒಂದೊಂದು ದನಿಗೂ ಒಂದೊಂದು ಯಂತ್ರ. ಪ್ರತಿಧ್ವನಿ ಬೇಕೆಂದರೆ ಎಕೋಪ್ಲೆಕ್ಸ್ ಎಂಬ ಟೇಪಿನ ಪೆಟ್ಟಿಗೆ: ನುಡಿಸಿದ್ದು ಟೇಪಿನಲ್ಲಿ ಮುದ್ರಣವಾಗಿ ಒಂದು ಗಳಿಗೆ ಬಿಟ್ಟು ಮರಳಿ ಕೇಳುತ್ತಿತ್ತು, ಟೇಪು ಸವೆದರೆ ದನಿಯೂ ಸವೆಯುತ್ತಿತ್ತು. ದೇವಸ್ಥಾನದ ಪ್ರಾಂಗಣದಲ್ಲಿ ನುಡಿಸಿದಂಥ ಗುಂಗು ಬೇಕೆಂದರೆ ಲೋಹದ ಸ್ಪ್ರಿಂಗುಗಳುಳ್ಳ ರಿವರ್ಬ್. ಫೆಂಡರ್ ಕಂಪನಿಯ ಅಂಥ ಪೆಟ್ಟಿಗೆ 1961ರಲ್ಲಿ ಬಂತು. ಅದಕ್ಕೆ ಯಾರಾದರೂ ಎಡವಿದರೆ ಪಾತ್ರೆ ಸಾಲು ಉರುಳಿಬಿದ್ದಂತೆ ಸದ್ದು. 1966ರಲ್ಲಿ ಕ್ಯಾಲಿಫೋರ್ನಿಯದ ಥಾಮಸ್ ಆರ್ಗನ್ ಕಂಪನಿಯ ಬ್ರ್ಯಾಡ್ ಪ್ಲಂಕೆಟ್ ಎಂಬ ಎಂಜಿನಿಯರ್ ಒಂದು ಸರ್ಕ್ಯೂಟನ್ನು ಆರ್ಗನ್ನಿನ ವಾಲ್ಯೂಮ್ ಪೆಡಲಿನೊಳಗೆ ಕೂರಿಸಿ ವಾ-ವಾ ಪೆಡಲನ್ನು ಮಾಡಿದ. ಆಮೇಲಿನ ಹೆಜ್ಜೆ ಜಪಾನಿನವರದು. ಇಕುತಾರೊ ಕಾಕೆಹಾಶಿ 1972ರಲ್ಲಿ ರೋಲ್ಯಾಂಡ್ ಕಂಪನಿ ಕಟ್ಟಿದರು. ಅದರ ಬಾಸ್ ಹೆಸರಿನ ಕೋರಸ್ ಪೆಡಲು 1976ರಲ್ಲೂ, ಅಂಗೈ ಅಗಲದ ಬಣ್ಣಬಣ್ಣದ ಪೆಡಲುಗಳು 1977ರಿಂದಲೂ ಬಂದವು. ಒಂದು ಪೆಡಲಿಗೆ ಒಂದು ಕೆಲಸ, ಒಂದು ಒಂಬತ್ತು ವೋಲ್ಟಿನ ಬ್ಯಾಟರಿ.

ಇದೆಲ್ಲ ವೇದಿಕೆಯ ಕಡೆಯಿಂದ ಬಂದ ಪರಂಪರೆ. ಇದರ ಕಷ್ಟ ನನಗೆ ಗೊತ್ತು. ಮೊದಲು ನನ್ನ ಬಳಿ ಮೂರು ಪೆಡಲುಗಳಿದ್ದವು. ನಡುವೆ ತುಂಡು ತುಂಡು ವೈರುಗಳು. ಯಾವುದಾದರೂ ಒಂದರ ಬೆಸುಗೆ ಬಿಟ್ಟರೆ ಸಾಲಿಡೀ ಮೂಕ. ಪಲ್ಲವಿಯಿಂದ ಚರಣಕ್ಕೆ ಬರುವಾಗ ಒಂದನ್ನು ಆರಿಸಿ ಎರಡನ್ನು ಹಚ್ಚಬೇಕಾದರೆ ಕಾಲು ಭರತನಾಟ್ಯವನ್ನೇ ಕಲಿಯಬೇಕು.

ಇನ್ನೊಂದು ಪರಂಪರೆ ಮನೆಯ ಕಡೆಯಿಂದ ಬಂದದ್ದು. ಅಮೆರಿಕದ ಬಾಸ್ಟನ್ ತಂಡದ ಟಾಮ್ ಶೋಲ್ಜ್ ಎಂ.ಐ.ಟಿ.ಯಲ್ಲಿ ಓದಿದ ಎಂಜಿನಿಯರ್. ಅವನು 1982ರಲ್ಲಿ ರಾಕ್‌ಮನ್ ಎಂಬ ಪುಟ್ಟ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದ. ಅದರೊಳಗೆ ಒಡಕು ದನಿ, ಕೋರಸ್, ಎಕೋ ಎಲ್ಲ ಇದ್ದವು. ಸೊಂಟಕ್ಕೆ ಸಿಕ್ಕಿಸಿ ಹೆಡ್‌ಫೋನ್ ಹಾಕಿಕೊಂಡರೆ ದೊಡ್ಡ ಮೈದಾನದಲ್ಲಿ ನುಡಿಸಿದ ಭ್ರಮೆ. ಪಕ್ಕದಲ್ಲಿ ಮಲಗಿದವರಿಗೆ ತಂತಿಯ ಟಿಣಿಟಿಣಿ ಮಾತ್ರ. 1998ರಲ್ಲಿ ಕ್ಯಾಲಿಫೋರ್ನಿಯದ ಲೈನ್ 6 ಕಂಪನಿ ತಂದ ಅವರೆಕಾಳಿನಾಕಾರದ ಕೆಂಪು ಪಾಡ್ ಕೂಡ ಇದೇ ಮನೆತನದ್ದು. ಹೆಸರಾಂತ ಆಂಪ್ಲಿಫೈಯರುಗಳ ದನಿಯನ್ನು ಗಣಿತದಿಂದ ಅನುಕರಿಸಿ, ಮನೆಯಲ್ಲಿ ಮೇಜಿನ ಮೇಲಿಟ್ಟುಕೊಂಡು ಮುದ್ರಣ ಮಾಡಿಕೊಳ್ಳಲೆಂದೇ ಮಾಡಿದ್ದು ಅದು.

ನೆಲದ ಮೇಲಿಡುವ ಮಲ್ಟಿ ಎಫೆಕ್ಟ್ಸ್ ಈ ಎರಡು ಮನೆತನಗಳ ಸಂಬಂಧದಿಂದ ಬೆಳೆದ ಕೂಸು. ಧ್ವನಿಯನ್ನು ಅಂಕಿಗಳಾಗಿ ಮಾಡಿ ಚಿಪ್ಪಿನೊಳಗೆ ಹಿಡಿಯುವ ವಿದ್ಯೆ ಅಗ್ಗವಾದದ್ದರಿಂದ ಅದು ಸಾಧ್ಯವಾಯಿತು. ಬಾಸ್‌ನ ಡಿಡಿ-2 ಎಂಬ ಪುಟ್ಟ ಪೆಡಲಿನಲ್ಲಿ 1983ರಲ್ಲಿ ಟೇಪಿಲ್ಲದ ಪ್ರತಿಧ್ವನಿ ಬಂತು. 1988ರಲ್ಲಿ ಅದೇ ಕಂಪನಿಯ ಎಂಇ-5 ಬಂತು: ಐದಾರು ಪೆಡಲುಗಳ ಕೆಲಸ ಒಂದೇ ಹಲಗೆಯಲ್ಲಿ, ಹೊಂದಿಸಿದ್ದನ್ನು ನೆನಪಿಟ್ಟುಕೊಂಡು ಒಂದೇ ತುಳಿತಕ್ಕೆ ಎಲ್ಲವನ್ನೂ ಒಟ್ಟಿಗೆ ಬದಲಿಸುವ ಶಕ್ತಿ. ಮುಂದಿನ ಹತ್ತು ವರ್ಷಗಳಲ್ಲಿ ಜೂಮ್, ಡಿಜಿಟೆಕ್, ಕಾರ್ಗ್ ಮೊದಲಾದವರೆಲ್ಲ ಈ ಅಂಗಡಿ ತೆರೆದರು. ಬೆಲೆ ಇಳಿಯಿತು. ಬೆಲೆಯ ಜೊತೆಗೆ ಸ್ವಿಚ್ಚುಗಳ ಸಂಖ್ಯೆಯೂ ಇಳಿಯಿತು.

ಅಂಥ ಎರಡೇ ಸ್ವಿಚ್ಚಿನ ಪೆಟ್ಟಿಗೆಯೊಂದು ನನ್ನ ಕೈಗೆ ಬಂದದ್ದು 1997ರಲ್ಲಿ. ನಮ್ಮ ಕಡೆ ಆಗ ಇಂಥವು ಬೇಕೆಂದರೆ ಮದರಾಸಿನ ಬರ್ಮಾ ಬಜಾರಿಗೋ ಬೊಂಬಾಯಿಯ ಲ್ಯಾಮಿಂಗ್ಟನ್ ರಸ್ತೆಗೋ ಹೋಗಬೇಕು, ಇಲ್ಲವೇ ವಿದೇಶದಿಂದ ಬರುವ ನೆಂಟರನ್ನು ಕಾಡಬೇಕು. ಗೆಳೆಯನ ಭಾವ ಅಮೆರಿಕದಿಂದ ತಂದುಕೊಟ್ಟ. ನನ್ನ ಎರಡು ತಿಂಗಳ ಸಂಬಳ ಹೋಯಿತು. ಅಲ್ಲಿನ ವಿದ್ಯುತ್ತು 120 ವೋಲ್ಟ್, ನಮ್ಮದು 230. ಜೊತೆಗೆ ಬಂದ ಅಡಾಪ್ಟರನ್ನು ನೋಡದೆ ಗೋಡೆಗೆ ಸಿಕ್ಕಿಸಿ, ಮೊದಲ ದಿನವೇ ಸುಟ್ಟ ವಾಸನೆ ಬರಿಸಿದೆ. ಪುಣ್ಯಕ್ಕೆ ಪೆಟ್ಟಿಗೆ ಉಳಿಯಿತು. ಊರಿನ ರೇಡಿಯೋ ರಿಪೇರಿಯವರು ಒಂಬತ್ತು ವೋಲ್ಟಿನ ಬೇರೊಂದು ಅಡಾಪ್ಟರ್ ಕಟ್ಟಿಕೊಟ್ಟರು. ಇಂಥ ಪೆಡಲುಗಳ ಪಿನ್ನಿನಲ್ಲಿ ಸಾಮಾನ್ಯವಾಗಿ ನಡುವೆ ಋಣ, ಹೊರಗೆ ಧನ ಎಂಬ ಪಾಠ ಆಗ ಕಲಿತೆ.

ಹದಿನೈದು ರಾತ್ರಿ ಮಕ್ಕಳು ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ದನಿಗಳನ್ನು ಹೊಂದಿಸಿದೆ. ಎಂಥ ದನಿಗಳು! ಕೆಳಗೆ ಗುಮ್ಮೆನ್ನುವ ಮಂದ್ರ, ಮೇಲೆ ಗಾಜಿನ ಬಳೆಯಂಥ ತಾರ, ಸುತ್ತಲೂ ರಿವರ್ಬಿನ ಮಂಜು. ನನ್ನ ಗಿಟಾರಿಗೇ ನಾನು ಮರುಳಾದೆ.

ಹಬ್ಬದ ರಾತ್ರಿ ರಸಮಂಜರಿ. ಜನರೇಟರಿನ ವಿದ್ಯುತ್ತು, ಎರಡು ಕಡೆ ಆಳೆತ್ತರದ ಸ್ಪೀಕರುಗಳು, ಮುಂದೆ ಮೈದಾನದ ತುಂಬ ಜನ. ಮೊದಲ ಹಾಡಿನಲ್ಲೇ ನನ್ನ ಗಿಟಾರು ಕಾಣೆಯಾಯಿತು. ಮಂದ್ರವನ್ನು ಬಾಸ್ ಗಿಟಾರು ನುಂಗಿತು, ತಾರವನ್ನು ಝಾಲರಿ ನುಂಗಿತು, ಮಂಜು ಮೈದಾನದ ಗದ್ದಲದಲ್ಲಿ ಕರಗಿತು. ಮೈಕ್ ಸೆಟ್ಟಿನವನಿಗೆ ಸನ್ನೆ ಮಾಡಿದೆ, ಅವನು ಏರಿಸಿದ. ಈಗ ಕೇಳಿಸತೊಡಗಿತು, ತಗಡು ಕೆರೆದಂತೆ. ಆಮೇಲೆ 1981ರ ‘ಗೀತಾ’ ಚಿತ್ರದ ಯುಗಳಗೀತೆ ಬಂತು. ಇಳಯರಾಜಾ ಸಂಗೀತ, ಮೆಲ್ಲಗೆ, ನಯವಾಗಿ ನುಡಿಸಬೇಕಾದದ್ದು. ನಾನು ಮೂರನೆಯ ದನಿಯಿಂದ ಆರನೆಯದಕ್ಕೆ ಹೋಗಬೇಕು. ಇರುವುದು ಎರಡೇ ಸ್ವಿಚ್ಚು, ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ಮೂರು ಸಲ ತುಳಿಯಬೇಕಿತ್ತು, ಗಡಿಬಿಡಿಯಲ್ಲಿ ಎರಡು ಸಲ ತುಳಿದೆ. ಐದನೆಯದರಲ್ಲಿ ಡಿಸ್ಟಾರ್ಷನ್ ತುಂಬಿಟ್ಟಿದ್ದೆ. ಹಾಡುವ ಹುಡುಗಿ ಬೆಚ್ಚಿ ಹಿಂದಕ್ಕೆ ತಿರುಗಿದಳು. ಜನ ನಕ್ಕರು. ಆರ್ಕೆಸ್ಟ್ರಾದ ಯಜಮಾನರು ಏನೂ ಅನ್ನಲಿಲ್ಲ. ಮುಂದಿನ ಕಾರ್ಯಕ್ರಮಕ್ಕೆ ಕರೆಯಲೂ ಇಲ್ಲ. ಗಿಟಾರಿನ ಭಾಗವನ್ನು ಕೀಬೋರ್ಡಿನವನೇ ನುಡಿಸಿದ. ನಾನು ಎಲ್ಲರಿಗೂ ಪೆಟ್ಟಿಗೆ ಕೆಟ್ಟಿತು ಎಂದು ಹೇಳಿದೆ.

ಪೆಟ್ಟಿಗೆ ಕೆಟ್ಟಿರಲಿಲ್ಲ. ಅವತ್ತು ಏನಾಯಿತೆಂಬುದಕ್ಕೆ ವಿವರಣೆ ನಾನು ಹುಟ್ಟುವ ಮೊದಲೇ ಅಚ್ಚಾಗಿತ್ತು. 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ಮನುಷ್ಯನ ಕಿವಿಯನ್ನು ಅಳೆದರು. ಸದ್ದು ಕಡಿಮೆಯಿದ್ದಾಗ ಕಿವಿಗೆ ಮಂದ್ರವೂ ತೀರ ಮೇಲಿನ ತಾರವೂ ಸರಿಯಾಗಿ ಕೇಳಿಸವು. ಸದ್ದು ಏರಿದ ಹಾಗೆ ಅವು, ಅದರಲ್ಲೂ ಮಂದ್ರ, ಮಿಕ್ಕದ್ದರ ಸಮಕ್ಕೆ ಬರುತ್ತವೆ ಎಂದು ಕಂಡುಕೊಂಡರು. ಆದ್ದರಿಂದ ಮೆಲುದನಿಯಲ್ಲಿ ಕೂತು ಹೊಂದಿಸುವವನು ತನಗೆ ತಿಳಿಯದೆಯೇ ಎರಡೂ ತುದಿಗಳನ್ನು ಏರಿಸಿ ನಡುವಿನದನ್ನು ಇಳಿಸಿಬಿಡುತ್ತಾನೆ. ಗಿಟಾರಿನ ಜೀವವಿರುವುದೋ ಆ ನಡುವಿನಲ್ಲೇ. ಮನೆಯಲ್ಲಿ ಚೆನ್ನಾಗಿ ಕೇಳಿಸಿದ್ದಕ್ಕೇ ಅದು ಮೈದಾನದಲ್ಲಿ ಸೋತಿತು. ಗಣಿತದ ಮೇಷ್ಟ್ರಾಗಿ ನಾನು ಇದನ್ನು ಓದಿ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಬೆಳಿಗ್ಗೆ ಕಾಫಿಯ ಹೊತ್ತಿಗೆ ಹುಡುಗಿಗೆ ಇಷ್ಟನ್ನೂ ಹೇಳಿದೆ. ನಿಜವನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅಟ್ಟದ ಮೇಲಿರೋದು ಸರಿಯಾಗೇ ಇದೆಯಾ ಚಿಕ್ಕಪ್ಪ?” ಎಂದಳು. “ಅದು ಸರಿಯಾಗೇ ಇತ್ತು” ಎಂದೆ.

ಎರಡು ದಿನ ಬಿಟ್ಟು ಇಬ್ಬರೂ ಬೆಂಗಳೂರಿನ ಅಂಗಡಿಗೆ ಹೋದೆವು. ಅವಳ ಗಿಟಾರನ್ನೇ ಒಯ್ದೆವು, ಅಂಗಡಿಯ ಗಿಟಾರನ್ನು ಮುಟ್ಟಲಿಲ್ಲ. ನನ್ನ ಕಾಲಕ್ಕೂ ಈಗಿನದಕ್ಕೂ ದೊಡ್ಡ ವ್ಯತ್ಯಾಸ ಆಗಿದೆ. 2006ರಲ್ಲಿ ಬಂದ ಆಕ್ಸ್-ಎಫ್ಎಕ್ಸ್, 2011ರಲ್ಲಿ ಜರ್ಮನಿಯಿಂದ ಬಂದ ಕೆಂಪರ್, 2015ರ ಹೀಲಿಕ್ಸ್, ಇವು ಆಂಪ್ಲಿಫೈಯರನ್ನೂ ಸ್ಪೀಕರನ್ನೂ ಪೆಟ್ಟಿಗೆಯೊಳಗೇ ಅನುಕರಿಸುವ ವಿದ್ಯೆಯನ್ನು ಬಹಳ ಮೇಲಕ್ಕೆ ಒಯ್ದವು. ಅದರ ಪಾಲು ಈಗ ಅಗ್ಗದವಕ್ಕೂ ಸಿಕ್ಕಿದೆ. ಹಾಗಾಗಿ ಕೊಳ್ಳುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಇದರ ಕೊನೆಯ ವೈರು ಹೋಗುವುದೆಲ್ಲಿಗೆ? ಗಿಟಾರ್ ಆಂಪ್ಲಿಫೈಯರಿನ ಸ್ಪೀಕರು ಸುಮಾರು 5,000 ಹರ್ಟ್ಸಿನ ಮೇಲಿನದನ್ನು ತಾನಾಗಿಯೇ ಕತ್ತರಿಸುತ್ತದೆ. ಮೈಕ್ ಸೆಟ್ಟಿನ ಮಿಕ್ಸರಿಗೆ ನೇರ ಕೊಟ್ಟರೆ ಆ ಕತ್ತರಿ ಇರುವುದಿಲ್ಲ, ಪೆಟ್ಟಿಗೆಯೊಳಗಿನ ಸ್ಪೀಕರಿನ ಅನುಕರಣೆ ಹಚ್ಚಲೇಬೇಕು. ಇಲ್ಲದಿದ್ದರೆ ಕಣಜದ ಗೂಡಿಗೆ ಕಲ್ಲೆಸೆದಂತೆ. ಅದನ್ನು ಹಚ್ಚಿಟ್ಟೇ ನಿಜವಾದ ಗಿಟಾರ್ ಆಂಪ್ಲಿಫೈಯರಿಗೆ ಕೊಟ್ಟರೆ ಎರಡೆರಡು ಕತ್ತರಿ, ದನಿ ಕಂಬಳಿ ಹೊದ್ದಂತೆ ಮುಗ್ಗುತ್ತದೆ. ಮನೆಯ ಹೆಡ್‌ಫೋನಿಗೂ ಮಿಕ್ಸರಿಗೂ ಒಂದೇ ನಿಯಮ. ನಮ್ಮ ಪೆಂಡಾಲಿನಲ್ಲಿ ಇರುವುದು ಮಿಕ್ಸರೇ.

ಎರಡನೆಯ ಪ್ರಶ್ನೆ ಕಾಲಿನದು. ಐದರಲ್ಲಿ ಅತಿ ಚಿಕ್ಕದು 2016ರಲ್ಲಿ ಬಂದ ಬಾಸ್ ಜಿಟಿ-1. ಒಂದೂಕಾಲು ಕಿಲೋ ಚಿಲ್ಲರೆ ತೂಕ, ನಾಲ್ಕು ಪೆನ್ ಟಾರ್ಚಿನ ಸೆಲ್ಲಿನಲ್ಲೂ ನಡೆಯುತ್ತದೆ, ರೂಮಿಗೆ ಹೇಳಿ ಮಾಡಿಸಿದ್ದು. ಆದರೆ ಸ್ವಿಚ್ಚು ಮೂರೇ. ಅತಿ ದೊಡ್ಡದು ಹೀಲಿಕ್ಸ್. ಹನ್ನೆರಡು ಸ್ವಿಚ್ಚು, ಆರು ಕಿಲೋಗೂ ಮಿಕ್ಕ ತೂಕ, ಬೆಲೆ ಅವಳ ಕೈಗೆ ಮೀರಿದ್ದು. ನಡುವಿನ ಮೂರನ್ನು ನೆಲದ ಮೇಲಿಡಿಸಿ, ಅವಳನ್ನು ನಿಲ್ಲಿಸಿ, ಶೂ ಹಾಕಿಕೊಂಡೇ ನುಡಿಸು ಎಂದೆ. ಒಂದು ದನಿಯಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಗಕ್ಕನೆ ಮೌನ ಬೀಳುತ್ತದೆಯೇ? ಹಳೆಯ ದನಿಯ ಎಕೋ ಬಾಲ ಕತ್ತರಿಸಿದಂತೆ ನಿಲ್ಲುತ್ತದೆಯೇ? ಬೇಕಾದ ದನಿಯನ್ನು ನಡುವಿನವನ್ನು ದಾಟದೆ ನೇರ ತುಳಿಯಬಹುದೇ? ಕತ್ತಲಲ್ಲಿ ಯಾವುದು ಹತ್ತಿದೆ ಎಂದು ಕಾಣುತ್ತದೆಯೇ? ಆಮೇಲೆ ಅಂಗಡಿಯವರಿಗೆ, “ಸ್ವಲ್ಪ ಜೋರಾಗಿ ಇಡಿ” ಎಂದೆ. ಅವರು ಮುಖ ಸಣ್ಣದು ಮಾಡಿ ಏರಿಸಿದರು. ಅಷ್ಟು ಹೊತ್ತು ಎಲ್ಲಕ್ಕಿಂತ ಚೆನ್ನಾಗಿ ಕೇಳಿಸುತ್ತಿದ್ದ ಪೆಟ್ಟಿಗೆಯ ದನಿ ಕಿವಿಗೆ ಚುಚ್ಚತೊಡಗಿತು.

ಆದರೆ ಅದು ಪೆಟ್ಟಿಗೆಯ ತಪ್ಪಲ್ಲ, ಕಾರ್ಖಾನೆಯಲ್ಲಿ ಹೊಂದಿಸಿ ಕಳಿಸಿದ ದನಿಯ ತಪ್ಪು ಎಂದು ಅವಳೇ ಹೇಳಿದಳು. ಹಾಗಾದರೆ ಸ್ಥಳದಲ್ಲೇ ಬೇಗ ತಿದ್ದಲು ಬರುವುದು ಯಾವುದು ಎಂದು ನೋಡಿದಳು. ಪರದೆಯೊಳಗೆ ಪುಟ ಪುಟ ತಿರುವಬೇಕಾದದ್ದನ್ನು ಬಿಟ್ಟು, ಮೇಲೆಯೇ ಎಲ್ಲಕ್ಕೂ ತಿರುಗಿಸುವ ಗುಂಡಿಗಳಿದ್ದ ಒಂದನ್ನು ಆರಿಸಿದಳು. ಅದರಲ್ಲಿ ದನಿಗಳು ಮಿಕ್ಕವಕ್ಕಿಂತ ಕಡಿಮೆ. “ನನಗೆ ಬೇಕಾದ್ದು ನಾಲ್ಕೇ ಚಿಕ್ಕಪ್ಪ” ಎಂದಳು. ನಾನು ಮಾತಾಡಲಿಲ್ಲ. ಹದಿನೈದು ರಾತ್ರಿ ಕೂತು ನಾನು ಮಾಡಿದ್ದು ಇಪ್ಪತ್ತನಾಲ್ಕು.

ಹಬ್ಬದ ದಿನ ಸಂಜೆ ಪೆಂಡಾಲಿನಲ್ಲಿ ಜನ ಸೇರುವ ಮೊದಲು ಮೈಕ್ ಸೆಟ್ಟಿನವರನ್ನು ಬೇಡಿಕೊಂಡು ಅರ್ಧ ಗಂಟೆ ಪಡೆದೆವು. ಅವಳು ವೇದಿಕೆಯ ಮೇಲೆ, ನಾನು ಕೊನೆಯ ಸಾಲಿನ ಕುರ್ಚಿಯಲ್ಲಿ. ಡ್ರಮ್ಮು, ಬಾಸು ಎಲ್ಲ ಸೇರಿ ನುಡಿಸುವಾಗ ನಾನು ಅಲ್ಲಿಂದ ಕೈಸನ್ನೆ ಮಾಡುತ್ತ ಹೋದೆ: ರಿವರ್ಬ್ ಇಳಿಸು, ಮಂದ್ರ ಇಳಿಸು, ನಡುವಿನದು ಏರಿಸು, ಇನ್ನೂ ಏರಿಸು. ಹತ್ತಿರ ಬಂದು ಗಿಟಾರನ್ನೊಂದೇ ಕೇಳಿದರೆ ದನಿ ಮೂಗಿನಿಂದ ಹಾಡಿದಂತಿತ್ತು. “ಇದು ಚೆನ್ನಾಗಿಲ್ಲ ಚಿಕ್ಕಪ್ಪ” ಎಂದಳು. “ಒಂಟಿಯಾಗಿ ಚೆನ್ನಾಗಿಲ್ಲ” ಎಂದೆ. ಈ ಹೊಂದಿಕೆಯನ್ನು ಬೇರೆ ಸಂಖ್ಯೆಯಲ್ಲಿ ಉಳಿಸಿ, ರೂಮಿನದನ್ನು ಹಾಗೇ ಇಟ್ಟುಕೊಂಡಳು. ಪೆಟ್ಟಿಗೆ ಒಂದೇ ಆದರೂ ಅದರೊಳಗೆ ಎರಡು ಮನೆ ಬೇಕು.

ರಾತ್ರಿ ಕೊನೆಯ ಸಾಲಿನಲ್ಲಿ ಕೂತು ಕೇಳಿದೆ. ಒಂದು ಕಡೆ ತಾಳ ತಪ್ಪಿದಳು, ಒಂದು ಕಡೆ ಅಪಸ್ವರವೂ ಬಂತು. ಗಿಟಾರು ಮಾತ್ರ ಕೊನೆಯವರೆಗೂ ಎಲ್ಲ ವಾದ್ಯಗಳ ನಡುವೆ ಸ್ಪಷ್ಟವಾಗಿ ಕೇಳಿಸಿತು. ಮರುದಿನ ಅಟ್ಟ ಹತ್ತಿ ನನ್ನ ಪೆಟ್ಟಿಗೆಯನ್ನು ಕೆಳಗಿಳಿಸಿ ಧೂಳು ಒರೆಸಿದೆ. ಅದಕ್ಕೊಂದು ಹೊಸ ಅಡಾಪ್ಟರ್ ಬೇಕು.